ಕೊತ್ತಂಬರಿ ತರಲು ಹೋದ ಕೆಂಪು ಕಾರು

"ಗುರುಗಳ, ಛಲೋ ವಸ್ತು ಇದ್ದರ ಅದನ್ನ ದಿನಾ ಬಳಸಬೇಕೋ, ಜ್ವಾಕಿಲೆ ಎತ್ತಿ ಇಡಬೇಕೋ?" ಎಂದು ಮಡಿವಾಳಯ್ಯ ಕೇಳಿದ.

ಮಡಿವಾಳಯ್ಯ ಗುರುಗಳ ಬಳಿ ಹನ್ನೆರಡು ವರ್ಷ ಹಾಡು ಕಲಿತವನು. ಅವನ ದನಿ ಚೆನ್ನಾಗಿತ್ತು. ಅದು ಚೆನ್ನಾಗಿದೆ ಎಂಬುದು ಅವನಿಗೂ ಗೊತ್ತಿತ್ತು. ಮೂರು ತಿಂಗಳ ನಂತರ ದೊಡ್ಡ ಪಟ್ಟಣದ ದೊಡ್ಡ ಸಭೆಯೊಂದರಲ್ಲಿ ಅವನ ಹಾಡುಗಾರಿಕೆ ನಿಗದಿಯಾಗಿತ್ತು. ಆ ಸುದ್ದಿ ಬಂದ ದಿನದಿಂದ ಅವನು ಕೊರಳಿಗೆ ಮಫ್ಲರ್ ಸುತ್ತಿಕೊಂಡಿದ್ದ, ಬಿಸಿನೀರು ಬಿಟ್ಟು ಬೇರೇನೂ ಕುಡಿಯುತ್ತಿರಲಿಲ್ಲ, ಮಾತನ್ನೂ ಅಳೆದು ತೂಗಿ ಆಡುತ್ತಿದ್ದ.

ಗುರುಗಳ ಶಿಷ್ಯರು ಸರದಿಯ ಮೇಲೆ ಪ್ರತಿ ಸಂಜೆ ನೇಕಾರರ ಓಣಿಯ ಮಠದಲ್ಲಿ ಭಜನೆ ಹಾಡುವುದು ರೂಢಿ. ಕೇಳುವವರು ಹತ್ತು ಹನ್ನೆರಡು ಮಂದಿ ಮುದುಕರು, ಅವರಲ್ಲಿ ಇಬ್ಬರಿಗೆ ಕಿವಿ ಕೇಳಿಸುವುದಿಲ್ಲ. ಮಡಿವಾಳಯ್ಯ ಒಂದು ತಿಂಗಳಿಂದ ತನ್ನ ಸರದಿಯನ್ನು ಬೇರೆಯವರಿಗೆ ದಾಟಿಸುತ್ತ ಬಂದಿದ್ದ. ಇನ್ನು ಮೂರು ತಿಂಗಳೂ ಆ ಭಜನೆಯಿಂದ ಬಿಡುಗಡೆ ಬೇಕೆಂದು ಕೇಳಲು ಆ ದಿನ ಬಂದಿದ್ದ. ನೇರವಾಗಿ ಕೇಳಲು ಬಾಯಿ ಬಾರದೆ ಈ ಪ್ರಶ್ನೆ ಕೇಳಿದ.

ಗುರುಗಳು ಅವನ ಮಫ್ಲರನ್ನು ಒಮ್ಮೆ ನೋಡಿದರು. ಅವರಿಗೆ ಸಿಟ್ಟು ಬೇಗ ಬರುತ್ತಿತ್ತು, ಕತೆ ಅದಕ್ಕಿಂತ ಬೇಗ ಬರುತ್ತಿತ್ತು. ಮಡಿವಾಳಯ್ಯನ ಪುಣ್ಯ, ಆ ದಿನವೂ ಕತೆಯೇ ಮುಂದೆ ಬಂತು. ಕೂತುಕೊಂಡು ಕೇಳು ಎಂದು ಹೇಳಿ ಅವರು ಆರಂಭಿಸಿದರು.

ಒಂದು ಊರಿನಲ್ಲಿ ಒಬ್ಬ ಮಾಸ್ತರ ಇದ್ದ. ಅವನ ಶಾಲೆ ಇದ್ದದ್ದು ಆ ಊರಿನಲ್ಲಲ್ಲ, ಹನ್ನೆರಡು ಮೈಲಿ ಆಚೆಯ ಒಂದು ಹಳ್ಳಿಯಲ್ಲಿ. ಮಾಸ್ತರನೂ ಅವನೊಬ್ಬನೇ, ಶಾಲೆಯ ಬೀಗದ ಕೈ ಇದ್ದದ್ದೂ ಅವನ ಹತ್ತಿರವೇ. ಬಸ್ಸು ತಡವಾದರೆ ಮಕ್ಕಳು ಬಾಗಿಲ ಮುಂದೆ ಒಂದಿಷ್ಟು ಹೊತ್ತು ನಿಂತು ಮನೆಗೆ ಹೋಗುತ್ತಿದ್ದರು. ಮನೆಗೆ ಹೋದ ಮಕ್ಕಳನ್ನು ಹಿರಿಯರು ಹೊಲಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಅವನಿಗಿಂತ ಮೊದಲು ಬಂದ ಮೂವರು ಮಾಸ್ತರರು ವಾರಕ್ಕೆ ಮೂರು ದಿನ ಬಂದು, ಆಮೇಲೆ ಎರಡು ದಿನ ಬಂದು, ಆಮೇಲೆ ವರ್ಗ ಮಾಡಿಸಿಕೊಂಡು ಹೋಗಿದ್ದರು. ಹಾಗಾಗಿ ಆ ಹಳ್ಳಿಯವರಿಗೆ ಮಾಸ್ತರ ಬರುತ್ತಾನೆ ಎಂಬ ನಂಬಿಕೆಯೇ ಹೊರಟುಹೋಗಿತ್ತು. ಇವನು ಮಾತ್ರ ಹಟ ಹಿಡಿದ. ದಿನವೂ ಗಂಟೆ ಹೊಡೆಯುವ ಮೊದಲು ಶಾಲೆಯ ಬಾಗಿಲು ತೆರೆಯಬೇಕು, ಅದಕ್ಕೆ ತನ್ನದೇ ಒಂದು ಗಾಡಿ ಬೇಕು ಎಂದು ತೀರ್ಮಾನಿಸಿದ.

ಇಲ್ಲಿಯವರೆಗೆ ಎಲ್ಲ ಸರಿ. ಆದರೆ ಮಾಸ್ತರನಿಗೆ ಒಂದು ಹುಚ್ಚಿತ್ತು. ಚಿಕ್ಕಂದಿನಲ್ಲಿ ಹೆದ್ದಾರಿಯ ಪಕ್ಕ ನಿಂತು ಒಂದು ಕೆಂಪು ಸ್ಪೋರ್ಟ್ಸ್ ಕಾರು ಹೋದದ್ದನ್ನು ನೋಡಿದ್ದ. ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗಿನ ಗಾಡಿ. ಮುಂದೆ ಎರಡು ಸೀಟು, ಹಿಂದೆ ಹೆಸರಿಗೆ ಮಾತ್ರ ಎರಡು ಸೀಟು. ಅದು ಕಣ್ಣಿಗೆ ಕಂಡು ಮರೆಯಾಗಲು ಹಿಡಿದದ್ದು ಒಂದು ಗಳಿಗೆ. ಮನಸ್ಸಿನಿಂದ ಅದು ಮೂವತ್ತು ವರ್ಷವಾದರೂ ಹೋಗಲಿಲ್ಲ. ಕೊಂಡರೆ ಅಂಥದ್ದನ್ನೇ ಕೊಳ್ಳುತ್ತೇನೆ, ಹಳೆಯದಾದರೂ ಸರಿ, ದಿನಾ ಶಾಲೆಗೆ ಅದರಲ್ಲೇ ಹೋಗುತ್ತೇನೆ ಎಂದ. ಊರು ನಕ್ಕಿತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದಿತು. ನೀನು ಈಗ ನಗುತ್ತಿದ್ದೀಯಲ್ಲ, ಹಾಗೆಯೇ ನಕ್ಕಿತು.

ಆ ಊರಿನಲ್ಲಿ ಅಂಥ ಗಾಡಿಗಳು ಎರಡಿದ್ದವು. ಒಂದೇ ಕಾರ್ಖಾನೆಯವು, ಒಂದೇ ವರ್ಷದವು, ಎರಡೂ ಕೆಂಪು. ಒಂದು ಹತ್ತಿ ವ್ಯಾಪಾರಿಯದು, ಇನ್ನೊಂದು ಗಾಡಿ ರಿಪೇರಿ ಮಾಡುವ ಮಿಸ್ತ್ರಿಯದು. ವ್ಯಾಪಾರಿಗೆ ಹೊಸದೊಂದು ಗಾಡಿಯ ಮೇಲೆ ಕಣ್ಣು ಬಿದ್ದಿತ್ತು. ಮಿಸ್ತ್ರಿಯ ಸೊಂಟಕ್ಕೆ ವಯಸ್ಸಾಗಿ ತಗ್ಗಿನ ಸೀಟಿನಲ್ಲಿ ಇಳಿದು ಏಳುವುದು ಆಗದಾಗಿತ್ತು. ಹಾಗಾಗಿ ಎರಡೂ ಮಾರಾಟಕ್ಕಿದ್ದವು.

ಮಾಸ್ತರ ಮೊದಲು ವ್ಯಾಪಾರಿಯ ಮನೆಗೆ ಹೋದ. ವ್ಯಾಪಾರಿ ಕೆಟ್ಟವನೇನಲ್ಲ. ಗಾಡಿಯ ಮೇಲೆ ಅವನಿಗೆ ಪ್ರಾಣ. ಅದಕ್ಕೆಂದೇ ಒಂದು ಶೆಡ್ಡು ಕಟ್ಟಿಸಿದ್ದ, ಗಾಡಿಯ ಅಳತೆಗೆ ಹಳದಿ ಬಟ್ಟೆಯ ಗವಸು ಹೊಲಿಸಿದ್ದ. ಪ್ರತಿ ಸೋಮವಾರ ಗವಸು ತೆಗೆಸಿ ಒರೆಸಿ ಮತ್ತೆ ಹಾಕಿಸುತ್ತಿದ್ದ. ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಹೂವಿನ ಹಾರ ಹಾಕಿ, ಕುಂಬಳಕಾಯಿ ಒಡೆದು, ನಾಲ್ಕೂ ಗಾಲಿಗಳ ಕೆಳಗೆ ನಿಂಬೆಹಣ್ಣು ಇಡಿಸುತ್ತಿದ್ದ. ಗಾಲಿ ಉರುಳಿ ನಿಂಬೆಹಣ್ಣು ಒಡೆದರೆ ಆ ವರ್ಷದ ಓಟ ಮುಗಿಯಿತು. ಮತ್ತೆ ಗವಸು.

ಗಾಡಿ ಹೊಸ ಮದುವಣಗಿತ್ತಿಯಂತೆ ಹೊಳೆಯುತ್ತಿತ್ತು. ಮಾಸ್ತರನ ಜೊತೆ ಬಂದಿದ್ದವರೆಲ್ಲ ಮೀಟರು ನೋಡಿ ಬಾಯಿ ಬಿಟ್ಟರು. ಹದಿನಾಲ್ಕು ವರ್ಷದಲ್ಲಿ ಅದು ಮೂರು ಸಾವಿರ ಕಿಲೋಮೀಟರೂ ಓಡಿರಲಿಲ್ಲ. ನಮ್ಮ ಕಡೆ ಹಳೆಯ ಗಾಡಿ ಕೊಳ್ಳುವವರು ಕೇಳುವುದು ಒಂದೇ ಪ್ರಶ್ನೆ, ಎಷ್ಟು ಓಡಿದೆ ಎಂದು. ಓಡಿಲ್ಲ ಎಂದರೆ ಎಲ್ಲರಿಗೂ ಸಂತೋಷ. ಓಡಲಿಕ್ಕೆಂದೇ ಹುಟ್ಟಿದ ವಸ್ತು ಓಡಿಲ್ಲ ಎಂದು ಸಂತೋಷಪಡುವ ಜನ ನಾವು. ಇರಲಿ.

ಮಾಸ್ತರ ಮೀಟರು ನೋಡಲಿಲ್ಲ. ಬಾನೆಟ್ಟನ್ನೂ ಎತ್ತಿಸಲಿಲ್ಲ. ಒಂದೇ ಒಂದು ಪ್ರಶ್ನೆ ಕೇಳಿದ.

"ಸಾಹುಕಾರ್ರ, ನಿನ್ನಿ ಈ ಗಾಡಿ ಎಲ್ಲಿಗೆ ಹೋಗಿತ್ರಿ?"

ವ್ಯಾಪಾರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಎಲ್ಲಿಗೂ ಹೋಗೂದಿಲ್ಲ ಮಾಸ್ತರ. ಅದಕ್ಕ ಇದು ಹಿಂಗ ಐತಿ ನೋಡ್ರಿ," ಎಂದ.

ಮಾಸ್ತರ ಕೈ ಮುಗಿದು ಅಲ್ಲಿಂದ ಎದ್ದು ಮಿಸ್ತ್ರಿಯ ಮನೆಗೆ ಹೋದ. ಆ ಗಾಡಿ ಬೇವಿನ ಮರದ ಕೆಳಗೆ ನಿಂತಿತ್ತು. ಮೇಲೆ ಕಾಗೆಗಳು ತಮ್ಮ ಕೆಲಸ ಮಾಡಿದ್ದವು. ಬಣ್ಣ ಅಲ್ಲಲ್ಲಿ ಮಾಸಿತ್ತು, ಸೀಟಿನ ಚರ್ಮ ಒಂದು ಕಡೆ ಹರಿದು ಹೊಲಿಗೆ ಹಾಕಿಸಿಕೊಂಡಿತ್ತು. ಓಡಿದ ಲೆಕ್ಕ ಲಕ್ಷ ಕಿಲೋಮೀಟರು ದಾಟಿ ಎಷ್ಟೋ ದಿನವಾಗಿತ್ತು. ಜೊತೆಗೆ ಬಂದವರು ಮೂಗು ಮುರಿದರು. ಮಾಸ್ತರ ಮತ್ತೆ ಅದೇ ಪ್ರಶ್ನೆ ಕೇಳಿದ.

"ನಿನ್ನಿ ಏನ್ರಿ? ಕೊತ್ತಂಬರಿ ತರಾಕ ಹೋಗಿತ್ರಿ," ಎಂದ ಮಿಸ್ತ್ರಿ. "ಸಾರು ಕುದಿಯಾಕ ಹತ್ತಿತ್ತು, ಕೊತ್ತಂಬರಿ ಇದ್ದಿದ್ದಿಲ್ಲ."

ಮೊನ್ನೆ ಎಲ್ಲಿಗೆ ಹೋಗಿತ್ತು ಎಂದು ಕೇಳಿದ್ದಕ್ಕೆ ಮಾವನ ಮನೆಗೆ ಎಂದ. ಅದರ ಹಿಂದಿನ ದಿನ ಗಿರಣಿಗೆ ಹೋಗಿ ಹಿಟ್ಟು ಬೀಸಿಸಿಕೊಂಡು ಬಂದಿತ್ತು. ಮಾಸ್ತರ ಮತ್ತೇನೂ ಕೇಳಲಿಲ್ಲ. ತಾನು ಕೂಡಿಟ್ಟದ್ದೆಲ್ಲ ಕೊಟ್ಟು ಆ ಗಾಡಿಯನ್ನು ತೆಗೆದುಕೊಂಡ.

ಸುದ್ದಿ ವ್ಯಾಪಾರಿಯ ಕಿವಿಗೆ ಬಿತ್ತು. ತನ್ನ ಹೊಳೆಯುವ ಗಾಡಿ ಬಿಟ್ಟು ಕಾಗೆ ಹೊಲಸು ಮಾಡಿದ ಗಾಡಿ ಕೊಂಡನಲ್ಲ ಎಂದು ಅವನಿಗೆ ಅವಮಾನವಾಯಿತು. ಅಂಗಡಿಯ ಗಾದಿಯ ಮೇಲೆ ಕೂತು, ಬರುವ ಆಯುಧಪೂಜೆಯ ಹೊತ್ತಿಗೆ ಮಾಸ್ತರನ ಗಾಡಿ ಗುಜರಿ ಸೇರದಿದ್ದರೆ ನನ್ನ ಗಾಡಿ ಮಾರುವುದನ್ನೇ ಬಿಡುತ್ತೇನೆ ಎಂದು ಬಂದವರಿಗೆಲ್ಲ ಹೇಳಿದ. ಇದನ್ನು ನೆನಪಿಟ್ಟುಕೋ.

ಮಾಸ್ತರನ ಗಾಡಿ ಶಾಲೆಗೆ ಹೋಗತೊಡಗಿತು. ಸುಖವಾಗಿ ಹೋಯಿತು ಎಂದರೆ ಸುಳ್ಳು ಹೇಳಿದಂತೆ. ಆ ಗಾಡಿ ಪೆಟ್ರೋಲು ಕುಡಿಯುತ್ತಿತ್ತು. ದಾರಿಯ ಉಬ್ಬು ಬಂದರೆ ಹೊಟ್ಟೆ ತಾಗಬಾರದೆಂದು ಅಡ್ಡಡ್ಡ ಹತ್ತಿಸಬೇಕಾಗಿತ್ತು. ಎಮ್ಮೆಗಳು ಪಕ್ಕಕ್ಕೆ ಬಂದರೆ ಮಾಸ್ತರ ತಲೆ ಎತ್ತಿ ಎಮ್ಮೆಯ ಮುಖ ನೋಡುತ್ತಿದ್ದ, ಎಮ್ಮೆ ತಲೆ ತಗ್ಗಿಸಿ ಮಾಸ್ತರನನ್ನು ನೋಡುತ್ತಿತ್ತು. ಸಂತೆಯಿಂದ ಜೋಳದ ಚೀಲ ತರಲು ಹಿಂದೆ ಜಾಗವಿರಲಿಲ್ಲ. ಚೀಲವನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟು ಹಾಕಿ ತಂದ. ಹೆಂಡತಿ ಬಾಗಿಲಲ್ಲಿ ನಿಂತು, ಬೀಗರು ಬಂದಂತಿದೆ, ಕಾಲಿಗೆ ನೀರು ಕೊಡಲೇ ಎಂದು ಕೇಳಿದಳು. ಆದರೂ ಪ್ರತಿ ದಿನ ಬೆಳಗ್ಗೆ ಕೀಲಿ ತಿರುವಿದ ಕೂಡಲೇ ಗಾಡಿ ಎದ್ದು ನಿಲ್ಲುತ್ತಿತ್ತು. ಒಂದು ದಿನವೂ ಗಂಟೆಯ ನಂತರ ಬಾಗಿಲು ತೆರೆಯಲಿಲ್ಲ.

ಹಳ್ಳಿಯ ಹತ್ತಿರ ಅರ್ಧ ಮೈಲಿ ದಾರಿ ಬರೀ ಕಲ್ಲು, ತಗ್ಗು. ಮೊದಲ ವಾರ ಮಾಸ್ತರ ಗಾಡಿಯನ್ನು ಅಲ್ಲೇ ಬಿಟ್ಟು ನಡೆದು ಹೋದ. ಮಕ್ಕಳಿಗೆ ಅದು ಸಹನವಾಗಲಿಲ್ಲ. ಕೆಂಪು ಗಾಡಿ ಶಾಲೆಯ ಬಾಗಿಲಿಗೇ ಬರಬೇಕು ಎಂದರು. ಪ್ರತಿ ಶನಿವಾರ ಮಧ್ಯಾಹ್ನ ಮಕ್ಕಳೂ ಮಾಸ್ತರನೂ ಕೂಡಿ ಕಲ್ಲು ಆರಿಸಿ ತಗ್ಗಿಗೆ ಗರಸು ಮಣ್ಣು ತುಂಬಿದರು. ಮಕ್ಕಳನ್ನು ನೋಡಿ ನಾಚಿಕೆಯಾಗಿ ಹಿರಿಯರೂ ಎರಡು ಶನಿವಾರ ಬಂದರು. ಗಾಡಿ ದಿನಾ ಹೋಗಿ ಹೋಗಿ ದಾರಿಯೂ ಆಯಿತು.

ಆಯುಧಪೂಜೆ ಬಂತು. ಮಾಸ್ತರ ಗಾಡಿ ತೊಳೆದು ಒಂದು ನಿಂಬೆಹಣ್ಣು ಇಟ್ಟ. ಹಣ್ಣು ಒಡೆದ ಮೇಲೆ ಗಾಡಿ ನಿಲ್ಲಿಸಲೇ ಇಲ್ಲ, ಹಾಗೇ ಹಳ್ಳಿಗೆ ನಡೆಸಿದ. ಶಾಲೆಗೆ ರಜೆ ಇದ್ದರೂ ಮಕ್ಕಳು ಚೆಂಡುಹೂವಿನ ಹಾರ ಕಟ್ಟಿಕೊಂಡು ಕಾದಿದ್ದರು. ವ್ಯಾಪಾರಿಯ ಅಂಗಡಿಯ ಮುಂದೆಯೇ ಗಾಡಿ ಹಾದುಹೋಯಿತು. ವ್ಯಾಪಾರಿ ಅದನ್ನು ನೋಡಿದ. ಆಡಿದ ಮಾತಿನಂತೆ ತನ್ನ ಗಾಡಿ ಮಾರುವುದನ್ನು ಬಿಟ್ಟ. ಗವಸನ್ನು ಮಾತ್ರ ಬಿಡಲಿಲ್ಲ.

ಈಗ ಪರೀಕ್ಷೆಯ ದಿನಕ್ಕೆ ಬರೋಣ. ಆ ವರ್ಷ ಹಳ್ಳಿಯ ಶಾಲೆಯಿಂದ ಒಂಬತ್ತು ಮಕ್ಕಳು ಏಳನೆಯ ಇಯತ್ತೆಯ ಪರೀಕ್ಷೆಗೆ ಕೂತಿದ್ದರು. ಆ ಹಳ್ಳಿಯಿಂದ ಅಷ್ಟು ಮಕ್ಕಳು ಪರೀಕ್ಷೆಯವರೆಗೆ ಬಂದದ್ದು ಅದೇ ಮೊದಲು. ಒಂಬತ್ತರಲ್ಲಿ ಆರು ಹುಡುಗಿಯರು. ಪರೀಕ್ಷೆ ತಪ್ಪಿದರೆ ಒಂದು ವರ್ಷ ಮನೆಯಲ್ಲಿ ಕೂರಬೇಕು, ಆ ಹಳ್ಳಿಯಲ್ಲಿ ಒಂದು ವರ್ಷ ಮನೆಯಲ್ಲಿ ಕೂತ ಹುಡುಗಿ ಮತ್ತೆ ಪಾಟಿಚೀಲ ಹಿಡಿದದ್ದನ್ನು ಯಾರೂ ನೋಡಿರಲಿಲ್ಲ. ಇದು ಮಾಸ್ತರನಿಗೂ ಗೊತ್ತಿತ್ತು, ಆ ಆರು ಹುಡುಗಿಯರಿಗೂ ಗೊತ್ತಿತ್ತು. ಪರೀಕ್ಷೆ ನಡೆಯುವುದು ಮಾಸ್ತರನ ಊರಿನ ಪೇಟೆಯ ಶಾಲೆಯಲ್ಲಿ, ಹತ್ತು ಗಂಟೆಗೆ. ಹತ್ತಕ್ಕೆ ಗಂಟೆ ಹೊಡೆದು ಗೇಟು ಹಾಕಿದರೆ ಮುಗಿಯಿತು.

ಮಾಸ್ತರ ಬೆಳಗ್ಗೆ ಬೇಗನೆ ಹಳ್ಳಿಗೆ ಬಂದ. ಮಕ್ಕಳನ್ನು ಎಂಟೂಕಾಲಿನ ಬಸ್ಸಿಗೆ ಹತ್ತಿಸಿ ತಾನು ಹಿಂದೆ ಹೋಗುವುದೆಂದು ಲೆಕ್ಕ. ಬಸ್ಸು ಬರಲಿಲ್ಲ. ಎಂಟೂವರೆಯಾಯಿತು. ಎಂಟೂ ಮುಕ್ಕಾಲಿಗೆ ಕಂಡಕ್ಟರ್ ಫೋನು ಮಾಡಿ, ಬಸ್ಸು ಹಳ್ಳದಲ್ಲಿ ಕೆಟ್ಟು ನಿಂತಿದೆ, ಇವತ್ತು ಬರುವುದಿಲ್ಲ ಎಂದ. ಹಳ್ಳಿಯ ಗಂಡಸರೆಲ್ಲ ಒಂದು ಮದುವೆಯ ದಿಬ್ಬಣದ ಜೊತೆ ಹಿಂದಿನ ದಿನವೇ ಹೋಗಿದ್ದರು. ಟ್ರ್ಯಾಕ್ಟರು, ಬೈಕು ಎಲ್ಲ ಅವರ ಜೊತೆಯೇ ಹೋಗಿದ್ದವು. ಸೈಕಲ್ಲುಗಳಿದ್ದವು, ಆದರೆ ಹನ್ನೆರಡು ಮೈಲಿ ತುಳಿಯುವಷ್ಟರಲ್ಲಿ ಗೇಟು ಹಾಕಿರುತ್ತಿತ್ತು. ಉಳಿದದ್ದು ಆ ಕೆಂಪು ಗಾಡಿ ಒಂದೇ.

ಮಾಸ್ತರ ಹೆದರಿದ. ಹೆದರಿದಾಗ ಅವನು ಲೆಕ್ಕ ಹೇಳಿಸುತ್ತಿದ್ದ, ಅದು ಅವನ ಚಾಳಿ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಕೇಳಿದ. ಮಕ್ಕಳು ಒಂಬತ್ತು, ಒಂದು ಸಲಕ್ಕೆ ಮೂವರು, ಇರುವುದು ಎಪ್ಪತ್ತೈದು ನಿಮಿಷ, ಹೇಗೆ?

ಸಾಲಿನ ಕೊನೆಯಲ್ಲಿದ್ದ ಹುಡುಗಿ ಬೆರಳನ್ನೂ ಮಡಿಸಲಿಲ್ಲ. "ಮೂರು ಸಲ ಹೋಗಬೇಕ್ರಿ, ಎರಡು ಸಲ ಬರಬೇಕ್ರಿ. ಐದು ಓಟ. ಓಟಕ್ಕ ಹದಿನೈದು ನಿಮಿಷ. ಹತ್ತೂದು ಇಳಿಯೂದು ಎಲ್ಲಾ ಅದರಾಗ ಆಗಬೇಕ್ರಿ," ಎಂದಳು. ಆಮೇಲೆ, ತಾನು ಕೊನೆಯ ಸಲಕ್ಕೆ ಬರುತ್ತೇನೆ, ಚಿಕ್ಕವರು ಮೊದಲು ಹೋಗಲಿ ಎಂದು ಸೇರಿಸಿದಳು.

ಹಿಂದಿನ ಎರಡು ಸೀಟುಗಳನ್ನು ನೋಡಿ ಊರೆಲ್ಲ ನಕ್ಕಿತ್ತು. ಬೆಕ್ಕು ಕೂರಲಿಕ್ಕೆ ಮಾಡಿಸಿದ್ದೇ ಎಂದು ಕೇಳಿತ್ತು. ಆ ಸೀಟುಗಳು ಆ ಹಳ್ಳಿಯ ಮಕ್ಕಳಿಗೆ ಅಳತೆ ತೆಗೆದು ಮಾಡಿದ ಹಾಗೆ ಸರಿಹೋದವು.

ಮಾಸ್ತರ ಅಲ್ಲಿಯವರೆಗೆ ಆ ಗಾಡಿಯನ್ನು ಜೋರಾಗಿ ಓಡಿಸಿರಲಿಲ್ಲ. ಅಗತ್ಯ ಬಿದ್ದಿರಲಿಲ್ಲ. ಆ ದಿನ ಓಡಿಸಿದ. ತಾವೇ ತುಂಬಿದ ಅರ್ಧ ಮೈಲಿಯ ಮೇಲೆ ಗಾಡಿ ಒಂದು ಕಲ್ಲಿಗೂ ತಾಗಲಿಲ್ಲ. ಎಲ್ಲಿ ಉಬ್ಬಿದೆ, ಎಲ್ಲಿ ತಗ್ಗಿದೆ, ಯಾವ ತಿರುವಿನಲ್ಲಿ ಯಾರ ಕುರಿ ಅಡ್ಡ ಬರುತ್ತವೆ ಎಂಬುದೆಲ್ಲ ಒಂದು ವರ್ಷದಲ್ಲಿ ಮಾಸ್ತರನಿಗೂ ಗಾಡಿಗೂ ಬಾಯಿಪಾಠವಾಗಿತ್ತು. ಎರಡೂ ಕೂಡಿ ಪಾಠ ಒಪ್ಪಿಸುವಂತೆ ಹೋದವು.

ಆದರೆ ಪೇಟೆಯ ನಡುವೆ ಹತ್ತಿ ಬಜಾರಿನ ಚೌಕದಲ್ಲಿ ಚಕ್ಕಡಿ, ಲಾರಿ, ತಳ್ಳುಗಾಡಿ ಎಲ್ಲ ಸೇರಿ ದಾರಿ ಕಟ್ಟಿತ್ತು. ಅಲ್ಲೇ ಆರು ನಿಮಿಷ ಹೋಯಿತು. ಮೊದಲ ಮೂವರನ್ನು ಇಳಿಸುವಾಗ ಒಂಬತ್ತೂ ಐದು. ಐದು ನಿಮಿಷದ ಸಾಲ ಆಗಲೇ ತಲೆಯ ಮೇಲೆ ಬಂದಿತ್ತು. ಮುಂದಿನ ಎರಡು ಸಲವೂ ಚೌಕ ಹೀಗೇ ಹಿಡಿದರೆ ಕೊನೆಯ ಮೂವರು ಗೇಟಿನ ಹೊರಗೆ. ಬಾಡಿಗೆ ಜೀಪುಗಳೆಲ್ಲ ಬೇರೆ ಬೇರೆ ಹಳ್ಳಿಗಳ ಮಕ್ಕಳನ್ನು ತರಲು ಹೋಗಿದ್ದವು. ಹಿಂದಿರುಗುವ ದಾರಿಯಲ್ಲಿ ವ್ಯಾಪಾರಿಯ ಮನೆ. ಮಾಸ್ತರ ಗಾಡಿ ನಿಲ್ಲಿಸಿ, ಇಳಿಯದೆಯೇ ಕೂಗಿ, ಸಾಹುಕಾರ್ರೇ ನಿಮ್ಮ ಗಾಡಿಯೂ ಬಂದರೆ ಮಕ್ಕಳು ಉಳಿಯುತ್ತಾರೆ ಎಂದು ಇದ್ದದ್ದನ್ನು ಎರಡೇ ಮಾತಿನಲ್ಲಿ ಹೇಳಿದ.

ವ್ಯಾಪಾರಿ ಒಂದು ಗಳಿಗೆಯೂ ಯೋಚಿಸಲಿಲ್ಲ. ಇದನ್ನು ಅವನ ಹೆಸರಿಗೆ ಬರೆಯಬೇಕು. ಆಳುಗಳನ್ನು ಕಾಯದೆ ತಾನೇ ಗವಸು ಎಳೆದ. ಒಳಗೆ ಕೂತು ಕೀಲಿ ತಿರುವಿದ. ಗಾಡಿ ಒಮ್ಮೆ ಕೆಮ್ಮಿತು. ಇನ್ನೊಮ್ಮೆ ತಿರುವಿದ, ಬಾನೆಟ್ಟಿನ ಕೆಳಗಿನಿಂದ ಒಂದು ಇಲಿ ಜಿಗಿದು ಓಡಿತು. ಮೂರನೆಯ ಸಲಕ್ಕೆ ಕೆಮ್ಮೂ ಇಲ್ಲ. ಪೆಟ್ರೋಲು ಅಂಟಾಗಿತ್ತು. ರಬ್ಬರಿನ ಕೊಳವೆಗಳು ಮುಟ್ಟಿದರೆ ಹಪ್ಪಳದಂತೆ ಮುರಿಯುತ್ತಿದ್ದವು. ಗಾಲಿಗಳು ನಿಂತ ಕಡೆಯೇ ನಿಂತು ಒಂದು ಮಗ್ಗುಲು ಚಪ್ಪಟೆಯಾಗಿದ್ದವು. ಆಗ ವಯಸ್ಸಾದ ಆಳು ಒಬ್ಬ ತಲೆ ತಗ್ಗಿಸಿ ನಿಜ ಹೇಳಿದ. ಆರು ವರ್ಷದಿಂದ ಆಯುಧಪೂಜೆಯ ದಿನವೂ ಗಾಡಿ ತಾನಾಗಿ ಚಲಿಸಿರಲಿಲ್ಲ. ಧಣಿಗೆ ಬೇಸರವಾಗಬಾರದೆಂದು, ಅವನು ಮುಂದೆ ನಿಂತು ಕಣ್ಣು ಮುಚ್ಚಿ ಕೈ ಮುಗಿಯುವಾಗ ಆಳುಗಳು ಹಿಂದಿನಿಂದ ತಳ್ಳಿ ನಿಂಬೆಹಣ್ಣು ಒಡೆಸುತ್ತಿದ್ದರು.

ಮಾಸ್ತರನಿಗೆ ಇದನ್ನೆಲ್ಲ ಕೇಳುತ್ತ ಕೂರಲು ವೇಳೆಯಿರಲಿಲ್ಲ. ಮೂರನೆಯ ಸಲ ಕೀಲಿ ತಿರುವುವಷ್ಟರಲ್ಲಿ ಅವನು ಹೊರಟುಹೋಗಿದ್ದ.

ವ್ಯಾಪಾರಿ ಸೀಟಿನಲ್ಲಿ ಕೂತಲ್ಲೇ ಕೂತಿದ್ದ. ಊಟಕ್ಕಿಲ್ಲದ ಉಪ್ಪಿನಕಾಯಿಯನ್ನು ಹದಿನೈದು ವರ್ಷ ಭರಣಿಯಲ್ಲಿಟ್ಟು ಪೂಜೆ ಮಾಡಿದೆನಲ್ಲ ಎಂದು ಅವನ ಕಣ್ಣಲ್ಲಿ ನೀರು ಬಂತು. ಆದರೆ ಅವನು ವ್ಯಾಪಾರಿ, ಅಳುವುದರಲ್ಲಿ ಬಹಳ ಹೊತ್ತು ಕಳೆಯುವವನಲ್ಲ. ಎದ್ದ. ನೆಲದ ಮೇಲೆ ಬಿದ್ದಿದ್ದ ಹಳದಿ ಗವಸನ್ನು ಹೆಗಲಿಗೆ ಹಾಕಿಕೊಂಡ. ಧೋತರದ ಕಚ್ಚೆ ಬಿಗಿದು ಚೌಕಕ್ಕೆ ಓಡಿದ.

ಮಾಸ್ತರ ಎರಡನೆಯ ಮೂವರನ್ನು ಕೂರಿಸಿಕೊಂಡು ಪೇಟೆಗೆ ಬಂದಾಗ ಕಂಡದ್ದನ್ನು ಹೇಳುತ್ತೇನೆ ಕೇಳು. ಗಾದಿ ಬಿಟ್ಟು ಏಳಲು ಇಬ್ಬರ ಕೈ ಹಿಡಿಯುತ್ತಿದ್ದ ಆ ವ್ಯಾಪಾರಿ ಚೌಕದ ನಡುವೆ ಒಂದು ಹತ್ತಿಯ ಮೂಟೆಯ ಮೇಲೆ ಏರಿ ನಿಂತಿದ್ದ. ಆ ಹಳದಿ ಗವಸನ್ನು ಬಾವುಟದಂತೆ ಎರಡೂ ಕೈಯಿಂದ ಬೀಸುತ್ತಿದ್ದ. ಅವನ ಲಾರಿಗಳು, ಅವನ ಎದುರಾಳಿ ವ್ಯಾಪಾರಿಗಳ ಲಾರಿಗಳು, ಚಕ್ಕಡಿಗಳು, ಎಲ್ಲ ಎಡಕ್ಕೂ ಬಲಕ್ಕೂ ಸರಿದು ನಿಂತಿದ್ದವು. ಹಮಾಲರು ಕೈ ಕೈ ಹಿಡಿದು ಸಾಲು ಕಟ್ಟಿದ್ದರು. ನಡುವೆ ದಾರಿ ಖಾಲಿ. ಒಂದು ವರ್ಷ ಆ ಗಾಡಿಯನ್ನು ನೋಡಿ ನಕ್ಕ ಬಜಾರು ಆ ದಿನ ಅದಕ್ಕೆ ದಾರಿ ಬಿಟ್ಟು ನಿಂತಿತ್ತು. ಕೆಂಪು ಗಾಡಿ ಹಳದಿ ಬಾವುಟದ ಪಕ್ಕದಿಂದ ಗಾಳಿಯಂತೆ ಹೋಯಿತು.

ಆರು ಮಕ್ಕಳು ಒಳಗೆ ಸೇರಿದರು. ಮಾಸ್ತರ ಮತ್ತೆ ಹಳ್ಳಿಗೆ ತಿರುಗಿದ. ಕೊನೆಯ ಮೂವರು ದಾರಿಗೆ ಎದುರಾಗಿ ಅರ್ಧ ಮೈಲಿ ಓಡಿ ಬಂದು ನಿಂತಿದ್ದರು. ಹಾಗೆ ಒಂದು ನಿಮಿಷ ಉಳಿಸಬಹುದು ಎಂದು ಲೆಕ್ಕದ ಹುಡುಗಿ ಹೇಳಿದ್ದಳಂತೆ. ಗಾಡಿ ತಿರುಗಿತು. ಐದನೆಯ ಓಟ. ಎಂಜಿನ್ನು ಬಿಸಿಯಾಗಲಿಲ್ಲ, ಬೆಲ್ಟು ಹರಿಯಲಿಲ್ಲ, ಗಾಲಿ ಒಡೆಯಲಿಲ್ಲ. ದಿನಾ ಕೊತ್ತಂಬರಿಗೂ ಜೋಳಕ್ಕೂ ಶಾಲೆಗೂ ಓಡಿದ ಗಾಡಿ, ಇನ್ನೂ ಹತ್ತು ಓಟವಿದ್ದರೂ ಬನ್ನಿ ಎನ್ನುವ ಹಾಗೆ ಓಡಿತು. ಅದರ ದನಿ ಎರಡು ಓಣಿ ಆಚೆಯಿಂದಲೇ ಕೇಳಿಸಿತು. ಚೌಕದಲ್ಲಿ ಜನ ಚಪ್ಪಾಳೆ ತಟ್ಟಿದರು. ಹುಡುಗಿ ಕಿಟಕಿಯಿಂದ ಕೈ ಹೊರಗೆ ಚಾಚಿ, ಹಾದುಹೋಗುವಾಗ ಆ ಹಳದಿ ಬಟ್ಟೆಯ ಅಂಚನ್ನು ಮುಟ್ಟಿದಳು.

ಶಾಲೆಯ ಸಿಪಾಯಿ ಗಂಟೆಯ ಕೋಲನ್ನು ಎತ್ತಿ ಹಿಡಿದಿದ್ದ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಅಂಥ ಸಿಪಾಯಿ. ಅವನೂ ಆ ದನಿ ಕೇಳಿ ಗೇಟಿನ ಕಡೆ ನೋಡಿದ. ಮೂವರೂ ಒಳಗೆ ಓಡಿ ತಮ್ಮ ತಮ್ಮ ಜಾಗದಲ್ಲಿ ಕೂತರು. ಆಮೇಲೆ ಗಂಟೆ ಹೊಡೆಯಿತು. ಇನ್ನೂ ಒಂದು ನಿಮಿಷ ಇತ್ತು ಎಂದು ಮಾಸ್ತರ ಸಾಯುವ ತನಕ ಹೇಳುತ್ತಿದ್ದ.

ಒಂಬತ್ತು ಮಕ್ಕಳೂ ಪಾಸಾದರು. ಆ ವರ್ಷದ ಗಣಿತದ ಪರೀಕ್ಷೆಯಲ್ಲಿ ವೇಗ, ದೂರದ ಒಂದು ಲೆಕ್ಕ ಬಂದಿತ್ತಂತೆ. ಒಂಬತ್ತಕ್ಕೆ ಒಂಬತ್ತೂ ಮಕ್ಕಳು ಅದಕ್ಕೆ ಪೂರಾ ಅಂಕ ತೆಗೆದರು. ನಂಬಿದರೆ ನಂಬು, ಬಿಟ್ಟರೆ ಬಿಡು. ಆ ಆರು ಹುಡುಗಿಯರೂ ಎಂಟನೆಯ ಇಯತ್ತೆಗೆ ಪೇಟೆಯ ಶಾಲೆಗೆ ಬಂದರು. ಮುಂದೆ ಆ ಹಳ್ಳಿಯಲ್ಲಿ ಮಾಸ್ತರ ಬರುತ್ತಾನೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ. ಗಾಡಿಯ ದನಿ ಕೇಳಿದರೆ ಹೆಂಗಸರು ಒಲೆಯ ಮೇಲಿನ ರೊಟ್ಟಿ ತಿರುವಿ ಮಕ್ಕಳನ್ನು ಕಳಿಸುತ್ತಿದ್ದರು.

ಪರೀಕ್ಷೆ ಮುಗಿದ ಮರುದಿನವೇ ವ್ಯಾಪಾರಿ ಮಿಸ್ತ್ರಿಯನ್ನು ಕರೆಸಿದ. ಗಾಡಿಗೆ ಓಡುವುದನ್ನು ಕಲಿಸು ಎಂದ. ಮಿಸ್ತ್ರಿ ಎರಡು ತಿಂಗಳು ಕೂತು ಕೊಳವೆ, ಗಾಲಿ, ಇಲಿ ಕಡಿದ ತಂತಿ ಎಲ್ಲ ಬದಲಿಸಿದ. ಹೊಸ ಗಾಡಿಗಿಂತ ಇದಕ್ಕೇ ಹೆಚ್ಚು ಕೆಲಸ ಎಂದು ಬೈದುಕೊಂಡೇ ಮಾಡಿದ. ಒಂದು ಬೆಳಗ್ಗೆ ಆ ಗಾಡಿ ತಾನಾಗಿ ಶೆಡ್ಡಿನಿಂದ ಹೊರಗೆ ಬಂತು. ವ್ಯಾಪಾರಿ ಅದನ್ನು ತಾನೇ ನಡೆಸಿಕೊಂಡು ಸಂತೆಗೆ ಹೋದ. ಅವನ ಹಿತ್ತಲಲ್ಲಿ ಮೊಣಕಾಲೆತ್ತರ ಕೊತ್ತಂಬರಿ ಬೆಳೆದಿತ್ತು. ಆದರೂ ಒಂದು ಕಟ್ಟು ಕೊತ್ತಂಬರಿ ಕೊಂಡು, ಪಕ್ಕದ ಸೀಟಿನಲ್ಲಿಟ್ಟು, ಬೆಲ್ಟು ಹಾಕಿ, ಹತ್ತಿ ಬಜಾರಿನ ಚೌಕದಲ್ಲಿ ಎರಡು ಸುತ್ತು ಹೊಡೆದು ಮನೆಗೆ ಬಂದ. ಅಂದಿನಿಂದ ಯಾರಾದರೂ ಅವನ ಗಾಡಿ ಎಷ್ಟು ಓಡಿದೆ ಎಂದು ಕೇಳಿದರೆ ಅವನು ಮೀಟರು ನೋಡುತ್ತಿರಲಿಲ್ಲ. ನಿನ್ನೆ ಅದು ಎಲ್ಲಿಗೆ ಹೋಗಿತ್ತು ಎಂಬುದನ್ನು ಹೇಳುತ್ತಿದ್ದ, ಮತ್ತು ಹೇಳುವಾಗ ಎದೆ ಉಬ್ಬಿಸುತ್ತಿದ್ದ.

ಗುರುಗಳು ಕತೆ ನಿಲ್ಲಿಸಿ ತಂಬೂರಿಯ ಕಡೆ ನೋಡಿದರು. ಗೋಡೆಗೆ ಒರಗಿಸಿದ್ದ ಆ ತಂಬೂರಿ ಮಡಿವಾಳಯ್ಯನದು. ಅದರ ಮೇಲೆ ಗವಸಿತ್ತು, ಗವಸಿನ ಮೇಲೆ ಒಂದು ತಿಂಗಳ ಧೂಳಿತ್ತು.

ಮಡಿವಾಳಯ್ಯನಿಗೆ ಕತೆ ಹಿಡಿಸಿತ್ತು, ಮುಖ ಅರಳಿತ್ತು. ಆದರೂ ಅವನೊಳಗಿನ ವಾದ ಇನ್ನೂ ಸತ್ತಿರಲಿಲ್ಲ. ಗಾಡಿಯ ಮಾತು ಬೇರೆ, ಕೊರಳಿನ ಮಾತು ಬೇರೆ, ಕೊರಳಿಗೆ ಬಿಡಿಭಾಗ ಸಿಗುವುದಿಲ್ಲ ಎಂದು ಹೇಳಲು ಬಾಯಿ ತೆರೆದ. ಗುರುಗಳು ಕೈ ಎತ್ತಿ ಅವನನ್ನು ತಡೆದು, ಬಹಳ ಮೆತ್ತಗೆ ಕೇಳಿದರು.

"ನಿನ್ನಿ ನಿನ್ನ ಹಾಡು ಎಲ್ಲಿಗೆ ಹೋಗಿತ್ತಪಾ?"